ಚಟ ಬಿಡಿಸಲು ಸರ್ಕಾರದ ದುಡ್ಡು ಎಲ್ಲಿದೆ? ದಾವಣಗೆರೆ, ಚಿತ್ರದುರ್ಗದ ಮನೆಮಂದಿಗೆ ಒಂದು ಮಾರ್ಗದರ್ಶಿ

ಮನೆಯಲ್ಲಿ ಒಬ್ಬರಿಗೆ ಗಾಂಜಾದ್ದೋ, ಮಾತ್ರೆಯದ್ದೋ, ಕುಡಿತದ್ದೋ ಚಟ ಹತ್ತಿದೆ ಎಂದು ಗೊತ್ತಾದಾಗ ಹೆಚ್ಚಿನವರು ಯಾರಿಗೂ ಹೇಳುವುದಿಲ್ಲ. ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಇನ್ನು ಮುಚ್ಚಿಡಲು ಆಗಲ್ಲ ಅಂದಾಗ ಗೋಡೆ ಮೇಲಿನ ಪೋಸ್ಟರ್ ನೋಡಿಯೋ, ಯಾರೋ ಕಳಿಸಿದ ವಾಟ್ಸ್ಆ್ಯಪ್ ಮೆಸೇಜ್ ನೋಡಿಯೋ ಒಂದು ಖಾಸಗಿ ಕೇಂದ್ರಕ್ಕೆ ಫೋನ್ ಹಚ್ಚುತ್ತಾರೆ. ಅವರು ಗಾಡಿ ಕಳಿಸುತ್ತಾರೆ. ಹುಡುಗನನ್ನು ಎತ್ತಿಹಾಕಿಕೊಂಡು ಹೋಗುತ್ತಾರೆ. ಮೂರು ತಿಂಗಳ ಪ್ಯಾಕೇಜ್ ಎನ್ನುತ್ತಾರೆ. ಒಡವೆ ಅಡ ಇಟ್ಟು ದುಡ್ಡು ಕಟ್ಟಿದ ಮೇಲೆ ಯಾರೋ ಹೇಳುತ್ತಾರೆ, ಇದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಇತ್ತಲ್ಲ ಅಂತ.

ಇದೆ. ಅದಕ್ಕೆ ಹಣವೂ ಇದೆ. ಆದರೆ ಆ ಹಣ ಒಂದೇ ಇಲಾಖೆಯಲ್ಲಿಲ್ಲ. ಹಾಗಾಗಿ ಹುಡುಕಿಕೊಂಡು ಹೋದವರಿಗೆ ಮಾತ್ರ ಸಿಗುತ್ತದೆ. ಎಲ್ಲಿಗೆ ಹೋಗಬೇಕು, ಯಾವ ಕಾಗದ ಹಿಡಿದುಕೊಂಡು ಹೋಗಬೇಕು, ಏನು ಕೇಳಬೇಕು ಎನ್ನುವುದನ್ನು ನಮ್ಮ ಎರಡು ಜಿಲ್ಲೆಗಳ ಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ: ಎಲ್ಲಕ್ಕಿಂತ ಮೊದಲು ಸರ್ಕಾರಿ ಆಸ್ಪತ್ರೆಯ ಓಪಿಡಿ (ಹೊರರೋಗಿ ವಿಭಾಗದ) ಚೀಟಿ ಮಾಡಿಸಿ. ಆ ಚೀಟಿಯ ಮೇಲೆ ಮನೋವೈದ್ಯರು ಬರೆದ ನಾಲ್ಕು ಸಾಲು ಮುಂದೆ ವಿಮೆಗೂ ಬೇಕು, ರೆಫರಲ್‌ಗೂ ಬೇಕು, ಅಕಸ್ಮಾತ್ ಪೊಲೀಸ್ ಕೇಸಾದರೆ ಕೋರ್ಟಿಗೂ ಬೇಕು.

ಚೀಟಿಗೂ ಮೊದಲು: ಜೀವ

“ಇವತ್ತಿನಿಂದ ಮುಟ್ಟೋದೇ ಇಲ್ಲ” ಎಂದು ಆಣೆ ಮಾಡಿಸಿ ರೂಮಿಗೆ ಹಾಕಿ ಬೀಗ ಜಡಿಯುವುದು ನಮ್ಮ ಕಡೆ ಇನ್ನೂ ಇದೆ. ಗಾಂಜಾ ಒಂದೇ ಆಗಿದ್ದರೆ ಇದರಿಂದ ಹುಡುಗನಿಗೆ ಸಿಟ್ಟು, ನಿದ್ದೆಗೇಡು, ಊಟ ಸೇರದಿರುವುದು ಇಷ್ಟು ಆಗಬಹುದು. ಆದರೆ ದಿನವೂ ಜಾಸ್ತಿ ಕುಡಿಯುವವರು ಮತ್ತು ನಿದ್ದೆ ಮಾತ್ರೆಗೆ ಬಿದ್ದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಕುಡಿತ ನಿಂತ ಮೊದಲ ದಿನವೇ ಕೈ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಬುದ್ಧಿ ಕಲಕುತ್ತದೆ. ಇಲ್ಲದ ಹುಳು, ಇಲ್ಲದ ಮನುಷ್ಯರು ಕಾಣುತ್ತಾರೆ. ಊರಲ್ಲಿ ಇದನ್ನು ಗಾಳಿ ಸೋಕಿದೆ ಎಂದು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದುಂಟು. ದೇವರಿಗೆ ಆಮೇಲೆ ಹೋಗಬಹುದು, ಮೊದಲು 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್‌ಗೆ ದುಡ್ಡಿಲ್ಲ.

ಬ್ರೌನ್ ಶುಗರ್, ಹೆರಾಯಿನ್, ನೋವಿನ ಮಾತ್ರೆಯ ಚಟ ಬಿಟ್ಟಾಗ ಮೈಕೈ ನೋವು, ವಾಂತಿ, ಭೇದಿ ವಿಪರೀತ. ಇದಕ್ಕೆ ಆಸ್ಪತ್ರೆಯಲ್ಲಿ ಒಳ್ಳೆಯ ಔಷಧಿ ಇದೆ. ಹಲ್ಲು ಕಚ್ಚಿ ತಡೆದುಕೊಳ್ಳಬೇಕಾಗಿಲ್ಲ.

ಇನ್ನೊಂದು ವಿಷಯ. “ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕಿ, ಕುಡಿತ ತಾನೇ ಬಿಡ್ತಾರೆ” ಎಂದು ಪುಡಿ ಮಾರುವವರು ಇದ್ದಾರೆ. ಡೈಸಲ್ಫಿರಾಮ್ ಎನ್ನುವ ಮಾತ್ರೆಯನ್ನು ಹೀಗೆ ಕದ್ದು ಹಾಕುವವರೂ ಇದ್ದಾರೆ. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು, ಎದೆ ಬಡಿತ ಏರಿ ಸಾವೂ ಬರಬಹುದು. ರೋಗಿಗೆ ಗೊತ್ತಿದ್ದು, ಒಪ್ಪಿಕೊಂಡು, ಡಾಕ್ಟರ ಕೈಕೆಳಗೆ ತೆಗೆದುಕೊಳ್ಳುವ ಔಷಧಿ ಅದು. ಪುಡಿ ತರಬೇಡಿ.

ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಏನು ತೆಗೆದುಕೊಳ್ಳುತ್ತಾರೆ, ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ, ಸಾಯುವ ಮಾತು ಆಡಿದ್ದಾರಾ. ಜೇಬಲ್ಲಿ ಸಿಕ್ಕ ಮಾತ್ರೆಯ ಪಟ್ಟಿಯನ್ನು ಬಿಸಾಡಬೇಡಿ, ಜೊತೆಗೆ ಒಯ್ಯಿರಿ. ಡಾಕ್ಟರಿಗೆ ಅದರಿಂದ ಅರ್ಧ ಕೆಲಸ ಮುಗಿಯುತ್ತದೆ.

ಫೋನ್ ನಂಬರ್‌ಗಳು, ಯಾವುದು ಯಾತಕ್ಕೆ

ಮೂರು ನಂಬರ್ ಇವೆ. ಜನ ಇವನ್ನು ಕಲಸಿಹಾಕಿಕೊಳ್ಳುತ್ತಾರೆ.

14446 ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಹತ್ತಿರದ ಸರ್ಕಾರಿ ನೆರವಿನ ಕೇಂದ್ರ ಯಾವುದು ಎಂದು ಕೇಳಲು ಇದೇ ಸರಿ.

14416 ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಹೊತ್ತು ಮಗ ಕೂಗಾಡುತ್ತಿದ್ದಾನೆ, ಏನು ಮಾಡಲಿ ಎಂದು ತಾಯಿಯೊಬ್ಬರು ಕೇಳಬೇಕಾದರೆ ಈ ನಂಬರ್.

1933 ಮಾದಕ ವಸ್ತು ನಿಯಂತ್ರಣ ಬ್ಯೂರೋದ ಮಾನಸ್ ಸಹಾಯವಾಣಿ. ಹೆಸರು ಒಂದೇ ಥರ ಇರುವುದರಿಂದ ಗೊಂದಲ. ಇದು 2024ರಲ್ಲಿ ಬಂದದ್ದು, ಮುಖ್ಯವಾಗಿ ಮಾರುವವರ ಬಗ್ಗೆ ಮಾಹಿತಿ ಕೊಡಲು. ನಿಮ್ಮ ಬೀದಿಯಲ್ಲಿ ಸೊಪ್ಪು (ಗಾಂಜಾ) ಮಾರುತ್ತಿದ್ದರೆ ಇಲ್ಲಿಗೆ ಹೇಳಿ, ನಿಮ್ಮ ಹೆಸರು ಗುಟ್ಟಾಗಿಡುತ್ತಾರೆ. ಜಿಲ್ಲಾ ಮಟ್ಟದಲ್ಲಿ ಇದೇ ಕೆಲಸಕ್ಕೆ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆ ಇದೆ.

ಓಪಿಡಿ ಚೀಟಿ ಮಾಡಿಸುವ ದಿನ

ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದವರಿಗೆ ಅಲ್ಲಿಯ ಜಿಲ್ಲಾ ಆಸ್ಪತ್ರೆ. ಕೌಂಟರಿನಲ್ಲಿ “ಮಾನಸಿಕ ವಿಭಾಗ” ಎಂದು ಹೇಳಿ ಚೀಟಿ ಮಾಡಿಸಿ. ಅಲ್ಲಿ ಚಟ ಅದು ಇದು ಎಂದು ಎಲ್ಲರ ಮುಂದೆ ವಿವರಿಸುವ ಅಗತ್ಯವಿಲ್ಲ. ಆಧಾರ್, ರೇಷನ್ ಕಾರ್ಡ್, ಹಳೆಯ ಔಷಧಿ ಚೀಟಿಗಳು, ಮೊದಲು ಬರೆದ ಆ ಹಾಳೆ ಕೈಯಲ್ಲಿರಲಿ. ಬೆಳಿಗ್ಗೆ ಬೇಗ ಹೋಗಿ. ಮಧ್ಯಾಹ್ನದ ಹೊತ್ತಿಗೆ ಹೋದರೆ ಸುಮ್ನೆ ಬಸ್ ಚಾರ್ಜ್ ದಂಡ.

ಜಗಳೂರು, ಮೊಳಕಾಲ್ಮೂರು, ಹೊಸದುರ್ಗ, ಚನ್ನಗಿರಿ ಕಡೆಯವರು ಜಿಲ್ಲಾ ಕೇಂದ್ರಕ್ಕೆ ಬರುವ ಮುಂಚೆ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ದಿನ ಎಂದು ಕೇಳಿ. ಮನೋವೈದ್ಯರು ತಾಲ್ಲೂಕಿಗೇ ಬಂದು ನೋಡುವ ವ್ಯವಸ್ಥೆ ಇದು. ಮಂಗಳವಾರದ ಕ್ಲಿನಿಕ್ ಎಂದೇ ಹೆಸರು, ಆದರೆ ದಿನ ಬದಲಾಗಬಹುದು. ಫೋನಿನಲ್ಲಿ ವಿಚಾರಿಸಿಯೇ ಹೊರಡಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಇದು ಗೊತ್ತಿರುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎನ್ನುವ ಈ ಇಡೀ ಏರ್ಪಾಡು ದೇಶಕ್ಕೆ ಹೋದದ್ದೇ ನಮ್ಮ ಪಕ್ಕದ ಬಳ್ಳಾರಿಯಿಂದ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ನೋಡಿದ ಮಾದರಿಯನ್ನೇ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಿಗೆ ಒಯ್ದಿತು.

ಡಾಕ್ಟರ ಹತ್ತಿರ ಕೇಳಬೇಕಾದದ್ದು ಇಷ್ಟು. ಇವರಿಗೆ ಅಡ್ಮಿಟ್ ಬೇಕಾ, ಮನೆಯಲ್ಲೇ ಮಾತ್ರೆ ಸಾಕಾ? ಇಲ್ಲಿ ಹಾಸಿಗೆ ಇದೆಯಾ? ಇಲ್ಲದಿದ್ದರೆ ಎಲ್ಲಿಗೆ ಬರೆದುಕೊಡುತ್ತೀರಿ? ಯಾವ ಕಾಯಿಲೆ ಎಂದು ಚೀಟಿಯಲ್ಲಿ ಬರೆದಿದ್ದೀರಾ? ಕೊನೆಯದನ್ನು ಕೇಳಲು ಮುಜುಗರ ಬೇಡ. ಬರೀ ಮಾತ್ರೆಯ ಹೆಸರು ಬರೆದ ಚೀಟಿಗೆ ಮುಂದೆ ಬೆಲೆ ಇಲ್ಲ.

ಎಲ್ಲರಿಗೂ ಅಡ್ಮಿಷನ್ ಬೇಕಾಗುವುದಿಲ್ಲ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗಾಂಜಾ ಚಟಕ್ಕೆ ನೇರವಾಗಿ ಬಿಡಿಸುವ ಮಾತ್ರೆ ಅಂತ ಇಲ್ಲ, ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ವಾರಕ್ಕೊಮ್ಮೆ ಬಂದು ಹೋದರೆ ಬಹಳಷ್ಟು ಜನಕ್ಕೆ ಸಾಕು. ಅಂಥ ಹುಡುಗನನ್ನು ಕಾಲೇಜು ಬಿಡಿಸಿ ಮೂರು ತಿಂಗಳು ಕೂಡಿಹಾಕಿದರೆ ಒಂದು ವರ್ಷ ಹಾಳಾಗುತ್ತದೆ, ಹೊಸ ಗೆಳೆಯರು ಬೇರೆ ಸಿಗುತ್ತಾರೆ.

ಇಲ್ಲಿ ಆಗದಿದ್ದರೆ ಮೇಲಿನ ಸರ್ಕಾರಿ ಸಂಸ್ಥೆಗಳು ಎರಡು. ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್. ನಿಮ್ಹಾನ್ಸ್‌ನಲ್ಲಿ ಚಟದ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ದಾವಣಗೆರೆ, ಹರಿಹರದವರಿಗೆ ಧಾರವಾಡ ಹತ್ತಿರ, ರೈಲೂ ಇದೆ. ಹಿರಿಯೂರಿನವರಿಗೆ ಬೆಂಗಳೂರೇ ಅನುಕೂಲ. ಜಿಲ್ಲಾ ಆಸ್ಪತ್ರೆಯ ರೆಫರಲ್ ಪತ್ರ ಹಿಡಿದು ಹೋದರೆ ಅಲ್ಲಿ ವಿವರಿಸುವ ಕೆಲಸ ಕಡಿಮೆ.

ದುಡ್ಡಿನ ವಿಷಯ

ಸರ್ಕಾರದ ಹಣ ಎರಡು ಕಡೆಯಿಂದ ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಒಂದು, ಆರೋಗ್ಯ ಇಲಾಖೆ. ಸರ್ಕಾರಿ ಆಸ್ಪತ್ರೆಯ ಹಾಸಿಗೆ, ಡಾಕ್ಟರು, ಮಾತ್ರೆ ಎಲ್ಲ ಈ ಲೆಕ್ಕ. ಇದರ ಮೇಲೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30 ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಮಾದಕ ವಸ್ತುವಿನಿಂದ ಬಂದ ಮಾನಸಿಕ ಕಾಯಿಲೆಗೂ ಈ ಯೋಜನೆಯಲ್ಲಿ ಪ್ಯಾಕೇಜ್ ಇದೆ. ಆದರೆ ಮಾನಸಿಕ ಆರೋಗ್ಯದ ಪ್ಯಾಕೇಜುಗಳು ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಗೇ ಮೀಸಲು. ಹಾಗಾಗಿ ಯಾವುದೋ ತೋಟದ ಮನೆಯಲ್ಲಿ ನಡೆಸುವ ಕೇಂದ್ರದವರು “ಆಯುಷ್ಮಾನ್ ನಡೆಯುತ್ತೆ” ಎಂದರೆ ಬಾಯಿಮಾತು ನಂಬಬೇಡಿ. ಆಸ್ಪತ್ರೆಯಲ್ಲಿ ಕೂರುವ ಆರೋಗ್ಯ ಮಿತ್ರರನ್ನು, ಅಂದರೆ ಈ ಯೋಜನೆಯ ಸಹಾಯಕರನ್ನು ಕೇಳಿ. ಅಡ್ಮಿಟ್ ಆಗುವ ಮುಂಚೆಯೇ ಕೇಳಿ, ಡಿಸ್ಚಾರ್ಜ್ ದಿನ ಕೇಳಿದರೆ ಪ್ರಯೋಜನವಿಲ್ಲ.

ಹರಿಹರ, ದಾವಣಗೆರೆಯಲ್ಲಿ ಫ್ಯಾಕ್ಟರಿ ಕೆಲಸದವರು ಬಹಳ. ಸಂಬಳದಲ್ಲಿ ಇಎಸ್ಐ (ಕಾರ್ಮಿಕರ ವಿಮೆ) ಕಟ್ ಆಗುತ್ತಿದ್ದರೆ ನಿಮಗೂ ನಿಮ್ಮನ್ನು ನಂಬಿದ ಕುಟುಂಬಕ್ಕೂ ಇಎಸ್ಐ ಆಸ್ಪತ್ರೆಯ ಹಕ್ಕಿದೆ. ದಾವಣಗೆರೆಯಲ್ಲೇ ಇಎಸ್ಐ ಆಸ್ಪತ್ರೆ ಇದೆ, ರೆಫರಲ್ ಅಲ್ಲಿಂದಲೂ ಸಿಗುತ್ತದೆ. ಚಟ ಎಂದರೆ ಕೆಲಸ ಹೋಗುತ್ತದೇನೋ ಎಂದು ಹೆದರಿ ಕಾರ್ಡನ್ನು ಬೀರುವಿನಲ್ಲಿಟ್ಟು ಸಾಲ ಮಾಡುವವರಿದ್ದಾರೆ. ರೋಗಿಯ ವಿವರ ಗುಟ್ಟಾಗಿಡಬೇಕು ಎಂದು ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಖಾಸಗಿ ಆರೋಗ್ಯ ವಿಮೆ ಇದ್ದರೂ ಒಮ್ಮೆ ಪಾಲಿಸಿ ತೆಗೆದು ಓದಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ನಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ಒಳಗೇ ಸೇರಿಸಿದೆ. ದೈಹಿಕ ಕಾಯಿಲೆಗೆ ಕೊಡುವ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ಕಂಪನಿ ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಎರಡನೆಯದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಹಣ. ಮಾದಕ ವಸ್ತುಗಳ ಬೇಡಿಕೆ ತಗ್ಗಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಎಂದು 2018ರಿಂದ ನಡೆಯುತ್ತಿದೆ. ಈ ಹಣದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಮಗ್ರ ಪುನರ್ವಸತಿ ಕೇಂದ್ರಗಳಿಗೆ ಅನುದಾನ ಹೋಗುತ್ತದೆ. ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ದೆಹಲಿಯ ಏಮ್ಸ್ ಉಸ್ತುವಾರಿಯ ಚಿಕಿತ್ಸಾ ಘಟಕಗಳೂ ಇದರಲ್ಲೇ ನಡೆಯುತ್ತವೆ. 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಎಲ್ಲ ಜಿಲ್ಲೆಗೂ ಹಬ್ಬಿದ ನಶಾ ಮುಕ್ತ ಭಾರತ ಅಭಿಯಾನವೂ ಈ ಸಚಿವಾಲಯದ್ದೇ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಡ್ರಗ್ಸ್ ವಿಷಯ ಕೇಳಲು ಆ ಕಚೇರಿಗೆ ಹೋಗಬೇಕು ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಜಿಲ್ಲಾ ಕಚೇರಿಗೆ ಹೋಗಿ “ಅನುದಾನ ಪಡೆಯುವ ಪುನರ್ವಸತಿ ಕೇಂದ್ರಗಳ ಪಟ್ಟಿ ಕೊಡಿ” ಎಂದು ಕೇಳಿ. ಅಭಿಯಾನದ ವೆಬ್‌ಸೈಟಿನಲ್ಲೂ ಈ ಕೇಂದ್ರಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ.

ಅನುದಾನದ ಕೇಂದ್ರದಲ್ಲಿ ದುಡ್ಡು ಕೇಳಿದರೆ ಯಾವ ಖರ್ಚಿಗೆ ಎಂದು ಕೇಳಿ, ರಶೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈ ಹಣ ಸಾಲುತ್ತದಾ? ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಏಮ್ಸ್‌ನವರು ಮಾಡಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಕರ್ನಾಟಕ ಸರ್ಕಾರ 2025-26ಕ್ಕೆ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಇಡೀ ದೇಶದ ಚಟ ಬಿಡಿಸುವ ಆ ಕೇಂದ್ರ ಯೋಜನೆಗೆ ವರ್ಷಕ್ಕೆ ಇಡುವುದು ಕೆಲವು ನೂರು ಕೋಟಿ. ಲೆಕ್ಕ ನೀವೇ ಹಾಕಿ. ಹಣ ಸಾಲದು ಅಂದ ಮೇಲೆ ಮೊದಲು ಕೇಳಿದವರಿಗೆ ಮೊದಲು ಸಿಗುತ್ತದೆ. ಅದಕ್ಕೇ ಬೇಗ ಹೋಗಿ ಕೇಳಿ ಎನ್ನುತ್ತಿದ್ದೇನೆ.

ಕೇಂದ್ರಕ್ಕೆ ಸೇರಿಸಲೇಬೇಕು ಅಂದಾಗ

ಸೇರಿಸುವ ಮುಂಚೆ ಖುದ್ದಾಗಿ ಹೋಗಿ ನೋಡಿ. ರೋಗಿಯನ್ನು ಕರೆದುಕೊಂಡು ಹೋಗಬೇಡಿ, ನೀವೊಬ್ಬರೇ ಹೋಗಿ. ಗೇಟಿನಲ್ಲೇ ನಿಲ್ಲಿಸಿ ಆಫೀಸಿನಲ್ಲಿ ಕೂರಿಸಿ ಮಾತಾಡಿ ಕಳಿಸುವ ಕಡೆಗೆ ನಿಮ್ಮ ಮಗನನ್ನು ಕಳಿಸಬೇಡಿ. ಮಲಗುವ ಜಾಗ, ಕಕ್ಕಸು, ಅಡುಗೆಮನೆ ತೋರಿಸಲಿ.

ನೋಂದಣಿ ಪತ್ರ ಕೇಳಿ. ಮಾನಸಿಕ ಆರೋಗ್ಯ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗದೆ ಇಂಥ ಚಿಕಿತ್ಸಾ ಕೇಂದ್ರ ನಡೆಸುವ ಹಾಗಿಲ್ಲ. “ಟ್ರಸ್ಟ್ ರಿಜಿಸ್ಟರ್ ಆಗಿದೆ” ಎಂದು ಇನ್ನೊಂದು ಕಾಗದ ತೋರಿಸುತ್ತಾರೆ. ಅದು ಬೇರೆ, ಇದು ಬೇರೆ. ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಮನೆಯವರು ಯಾವಾಗ ಭೇಟಿ ಮಾಡಬಹುದು? “ಮೊದಲ ತಿಂಗಳು ಫೋನೂ ಇಲ್ಲ, ಭೇಟಿಯೂ ಇಲ್ಲ” ಎಂದರೆ ಎದ್ದು ಬನ್ನಿ.

ಒಪ್ಪಿಗೆ ಇಲ್ಲದೆ ಗಾಡಿಯಲ್ಲಿ ಎತ್ತಿಹಾಕಿಕೊಂಡು ಹೋಗುವುದು ಕಾನೂನಲ್ಲಿ ಇಲ್ಲ. ವಯಸ್ಕ ತಾನಾಗಿ ಸೇರಿದರೆ ತಾನಾಗಿ ಹೊರಬರುವ ಹಕ್ಕೂ ಇದೆ. ಡಾಕ್ಟರಿಗೆ ಅನುಮಾನ ಇದ್ದರೆ ತಪಾಸಣೆಗೆ 24 ಗಂಟೆ ತಡೆಯಬಹುದು, ಅಷ್ಟೇ. ತನ್ನ ಜೀವಕ್ಕೋ ಬೇರೆಯವರಿಗೋ ಅಪಾಯ ಮಾಡುವ ಸ್ಥಿತಿ, ಅಥವಾ ತನ್ನನ್ನು ತಾನು ನೋಡಿಕೊಳ್ಳಲು ಆಗದ ಸ್ಥಿತಿ ಇದ್ದರೆ ಮಾತ್ರ 89ನೇ ಸೆಕ್ಷನ್ ಇದೆ. ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ರೋಗಿಯ ಪರವಾಗಿ ನಿಲ್ಲುವವರು (ಸಾಮಾನ್ಯವಾಗಿ ಮನೆಯವರು) ಅರ್ಜಿ ಕೊಡಬೇಕು. ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಬೇರೆ ಬೇರೆಯಾಗಿ ನೋಡಿ ಒಪ್ಪಬೇಕು. ಆಗ 30 ದಿನದವರೆಗೆ ಸೇರಿಸಬಹುದು. ಸರಪಳಿ ಹಾಕುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಹೊಡೆದು ಬುದ್ಧಿ ಕಲಿಸುತ್ತೇವೆ ಎನ್ನುವ ಕಡೆ ಚಿಕಿತ್ಸೆ ನಡೆಯುತ್ತಿಲ್ಲ ಎಂದೇ ತಿಳಿಯಿರಿ.

ಮನೆಯವರ ಕಷ್ಟ ನನಗೆ ಅರ್ಥವಾಗುತ್ತದೆ. ರಾತ್ರಿಯೆಲ್ಲ ಜಗಳ, ಪಾತ್ರೆ ಎಸೆಯುವುದು, ಬೆಳಿಗ್ಗೆ ಕಾಲಿಗೆ ಬೀಳುವುದು. “ಎಲ್ಲಾದರೂ ಕರ್ಕೊಂಡು ಹೋಗ್ರಪ್ಪ, ನಮಗೆ ಸಾಕಾಗಿದೆ” ಎಂದು ಅವ್ವಂದಿರು ಹೇಳುವುದರಲ್ಲಿ ತಪ್ಪೇನಿಲ್ಲ. ಅಂಥ ರಾತ್ರಿಗೆ 112ಕ್ಕೆ ಫೋನ್ ಮಾಡಿ, ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಹೊತ್ತೊಯ್ಯುವ ಗಾಡಿಯವರನ್ನು ಕರೆಯಬೇಡಿ.

ಪೊಲೀಸ್ ಕೇಸಿನ ಭಯ

ಚಿಕಿತ್ಸೆಗೆ ಹೋದರೆ ಹಿಡಿದುಕೊಡುತ್ತಾರೆ ಎನ್ನುವ ಭಯವೇ ಬಹಳ ಜನರನ್ನು ಮನೆಯಲ್ಲಿ ಕೂರಿಸಿದೆ. ಕಾನೂನು ಹೇಳುವುದು ಬೇರೆ.

ಕುಡಿತ ಈ ಲೆಕ್ಕಕ್ಕೆ ಬರುವುದಿಲ್ಲ. ಗಾಂಜಾ, ಹೆರಾಯಿನ್ ಥರದ್ದಕ್ಕೆ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ. ಸೇವನೆಗೆ 27ನೇ ಸೆಕ್ಷನ್. ಗಾಂಜಾ ಸೇದಿದ್ದಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆರಾಯಿನ್, ಕೊಕೇನ್ ಆದರೆ 1 ವರ್ಷ, 20,000 ರೂಪಾಯಿ.

ಆದರೆ ಅದೇ ಕಾಯ್ದೆಯಲ್ಲಿ 64ಎ ಎನ್ನುವ ಸೆಕ್ಷನ್ ಇದೆ. ಸೇವನೆಯ ಕೇಸೋ, ಸಣ್ಣ ಪ್ರಮಾಣದ ಕೇಸೋ ಬಿದ್ದ ವ್ಯಸನಿ ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಕೇಸಿನಲ್ಲಿ ವಿಚಾರಣೆ ನಡೆಸುವ ಹಾಗಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ವಾಪಸ್ ಹೋಗಬಹುದು. ಸಣ್ಣ ಪ್ರಮಾಣ ಎಂದರೆ ಗಾಂಜಾ 1 ಕಿಲೋವರೆಗೆ, ಹೆರಾಯಿನ್ 5 ಗ್ರಾಂವರೆಗೆ. ಮಾನ್ಯತೆ ಇಲ್ಲದ ಕೇಂದ್ರದಲ್ಲಿ ಆರು ತಿಂಗಳು ಇದ್ದರೂ ಈ ಸೆಕ್ಷನ್ನಿಗೆ ಅದು ಲೆಕ್ಕಕ್ಕಿಲ್ಲ. ಓಪಿಡಿ ಚೀಟಿ ಮೊದಲು ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಮಗನ ಮೇಲೆ ಸೇವನೆ ಕೇಸಾಗಿದ್ದರೆ ವಕೀಲರಿಗೆ “64ಎ ಹಾಕಿ” ಎಂದು ನೀವೇ ಹೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಾದಕ ವ್ಯಸನದ ಸಂತ್ರಸ್ತರಿಗೆಂದೇ 2015ರಿಂದ ಅವರ ಒಂದು ಯೋಜನೆ ಇದೆ. ಶಿಕ್ಷೆಯಾದ ಮೇಲೂ 39ನೇ ಸೆಕ್ಷನ್ ಅಡಿ ಕೋರ್ಟು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು.

ಮಾರುವವರಿಗೆ ಈ ರಿಯಾಯಿತಿ ಇಲ್ಲ. ಬೆಳೆಯುವವರಿಗೂ ಇಲ್ಲ. ಮೆಕ್ಕೆಜೋಳದ ಸಾಲಿನ ನಡುವೆ, ಅಡಿಕೆ ತೋಟದ ಮೂಲೆಯಲ್ಲಿ ನಾಲ್ಕು ಗಿಡ ತಾನೇ ಎನ್ನುವ ರೈತರು ಗಮನಿಸಿ. ಗಾಂಜಾ ಬೆಳೆದರೆ 20ನೇ ಸೆಕ್ಷನ್, 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಗುತ್ತಿಗೆಗೆ ಹೊಲ ಕೊಟ್ಟವರು ಆಗಾಗ ಹೋಗಿ ನೋಡಿಕೊಳ್ಳುವುದು ಒಳ್ಳೆಯದು.

ಚಿಕ್ಕವರ ವಿಷಯ ಬೇರೆ

18 ತುಂಬದವರು ಪಂಚರ್ ಸಲ್ಯೂಷನ್ ಮೂಸುವುದು, ವೈಟ್ನರ್ ಎಳೆಯುವುದು ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಸುತ್ತ ಕಾಣುತ್ತದೆ. ದೊಡ್ಡವರ ಕೇಂದ್ರಕ್ಕೆ ಇವರನ್ನು ಸೇರಿಸಬಾರದು. 1098 ಮಕ್ಕಳ ಸಹಾಯವಾಣಿಗೆ ಹೇಳಿ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಚಿಕಿತ್ಸೆ ಆಗಲಿ. ಮಕ್ಕಳಿಗೆ ಮಾದಕ ವಸ್ತು ಕೊಟ್ಟವರಿಗೂ, ಅವರ ಕೈಯಿಂದ ಮಾರಿಸಿದವರಿಗೂ ಬಾಲನ್ಯಾಯ ಕಾಯ್ದೆಯ 77 ಮತ್ತು 78ನೇ ಸೆಕ್ಷನ್‌ಗಳಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ.

ಮನೆಗೆ ಬಂದ ಮೇಲೆ

ಸರ್ಕಾರದ ಹಣದ ಬಹುಪಾಲು ಹಾಸಿಗೆಗೆ ಹೋಗುತ್ತದೆ. ಆಮೇಲಿನ ಒಂದು ವರ್ಷಕ್ಕೆ ಬಹಳ ಕಡಿಮೆ. ಆದರೆ ಚಟ ಹೆಚ್ಚಾಗಿ ಮರುಕಳಿಸುವುದು ಆ ವರ್ಷದಲ್ಲೇ. ನೀತಿ ಮಾಡುವವರು ಇದನ್ನು ಬೇಗ ಸರಿಮಾಡಬೇಕು. ಅಲ್ಲಿಯವರೆಗೆ ಸಿಗುವುದನ್ನೆಲ್ಲ ಬಳಸಿಕೊಳ್ಳಿ.

ಡಿಸ್ಚಾರ್ಜ್ ಸಮ್ಮರಿ ಕೇಳಿ ಪಡೆಯಿರಿ, ನಿಮ್ಮ ದಾಖಲೆ ಪಡೆಯುವುದು ನಿಮ್ಮ ಹಕ್ಕು. ಅದನ್ನು ತಾಲ್ಲೂಕಿನ ಮನೋಚೈತನ್ಯ ಕ್ಲಿನಿಕ್‌ಗೆ ತೋರಿಸಿದರೆ ಮುಂದಿನ ಮಾತ್ರೆ ಅಲ್ಲೇ ಸಿಗುತ್ತದಾ ಎಂದು ನೋಡಿ. ಸಿಗದಿದ್ದರೆ ಜನೌಷಧಿ ಅಂಗಡಿಯಲ್ಲಿ ಕೇಳಿ. ಸೂಜಿ ಚುಚ್ಚಿಕೊಳ್ಳುತ್ತಿದ್ದವರು ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ, ಹೆಪಟೈಟಿಸ್ ಪರೀಕ್ಷೆ ಮಾಡಿಸಿಕೊಳ್ಳಲಿ. ಎರಡೂ ಉಚಿತ, ಚಿಕಿತ್ಸೆಯೂ ಉಚಿತ.

ಹೆರಾಯಿನ್, ನೋವಿನ ಮಾತ್ರೆಯವರ ಮನೆಯವರು ಇದೊಂದನ್ನು ತಿಳಿದಿರಬೇಕು. ಚಿಕಿತ್ಸೆಯಿಂದ ಬಂದ ಮೇಲೆ ದೇಹ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಒಮ್ಮೆ ಜಾರಿ ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ತುಟಿ ನೀಲಿಯಾಗಿ, ಗೊರಕೆಯಂತೆ ಉಸಿರಾಡುತ್ತ, ಎಬ್ಬಿಸಿದರೂ ಏಳದಿದ್ದರೆ ನಿದ್ದೆ ಎಂದುಕೊಳ್ಳಬೇಡಿ. 108.

ಕುಡಿತದವರಿಗೆ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿವೆ, ಶುಲ್ಕ ಇಲ್ಲ. ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಗಳು ನಮ್ಮ ಹಳ್ಳಿಗಳಲ್ಲೂ ನಡೆಯುತ್ತವೆ. ಊರವರೆಲ್ಲ ಸೇರಿ ಮಾಡುವುದರಿಂದ ನಾಚಿಕೆ ಕಡಿಮೆ, ಆಮೇಲೆ ಗುಂಪಿನ ಬೆಂಬಲವೂ ಸಿಗುತ್ತದೆ. ಆದರೆ ಕೈ ನಡುಕ, ಹಿಂದೆ ಫಿಟ್ಸ್ ಬಂದ ಇತಿಹಾಸ ಇದ್ದವರು ಮೊದಲು ಆಸ್ಪತ್ರೆ, ಆಮೇಲೆ ಶಿಬಿರ.

ಮತ್ತೆ ಜಾರಿದರೆ ಅದೇ ಚೀಟಿ ಹಿಡಿದು ಅದೇ ಓಪಿಡಿಗೆ ಹೋಗಿ. ಎರಡನೇ ಸಲಕ್ಕೆ ಚಿಕಿತ್ಸೆ ಇಲ್ಲ ಎನ್ನುವ ನಿಯಮ ಯಾವ ಯೋಜನೆಯಲ್ಲೂ ಇಲ್ಲ.

ಬಾಗಿಲು ತೆರೆಯದಿದ್ದರೆ

“ಹಾಸಿಗೆ ಇಲ್ಲ”, “ಡಾಕ್ಟರ್ ರಜೆ”, “ಆ ಯೋಜನೆ ಇಲ್ಲಿ ಇಲ್ಲ”. ಇವು ನಿಜವೂ ಇರಬಹುದು. ಬರೆದುಕೊಡಿ ಎಂದು ಕೇಳಿ. ಬರೆದುಕೊಡದಿದ್ದರೆ ಆ ದಿನ, ಹೊತ್ತು, ಹೇಳಿದವರ ಹುದ್ದೆ ನೀವೇ ಬರೆದಿಟ್ಟುಕೊಳ್ಳಿ. 1902 ಜನಸ್ಪಂದನ ಸಹಾಯವಾಣಿಗೆ ದೂರು ಕೊಟ್ಟು ನಂಬರ್ ಪಡೆಯಿರಿ.

ಮುಂದಿನದು ಜಿಲ್ಲಾಧಿಕಾರಿ. ಮಾದಕ ವಸ್ತು ತಡೆಯ ಜಿಲ್ಲಾ ಸಮನ್ವಯ ಸಮಿತಿಗೆ ಅಧ್ಯಕ್ಷರು ಅವರೇ. ಆರೋಗ್ಯ, ಪೊಲೀಸ್, ಶಿಕ್ಷಣದವರು ಒಂದೇ ಮೇಜಿಗೆ ಬರುವ ಜಾಗ ಅದೊಂದೇ. ಅರ್ಜಿ ಒಂದೇ ಪುಟ ಇರಲಿ. ಮನೆಯ ಕಥೆ ಬೇಡ. ಯಾವ ದಿನ ಯಾವ ಆಸ್ಪತ್ರೆಗೆ ಹೋದಿರಿ, ಏನು ಹೇಳಿದರು, ಈಗ ಏನು ಬೇಕು: ಹಾಸಿಗೆಯಾ, ರೆಫರಲ್ಲಾ, ಔಷಧಿಯಾ. ಓಪಿಡಿ ಚೀಟಿಯ ಜೆರಾಕ್ಸ್ ಲಗತ್ತಿಸಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಸಂಘದವರು, ಪಂಚಾಯಿತಿ ಸದಸ್ಯರು ಇದ್ದರೆ ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಇಲ್ಲ. ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಹಾಗಾಗಿ ಎರಡು ಅರ್ಜಿ ಹಾಕಿ. ಜಿಲ್ಲಾ ಆಸ್ಪತ್ರೆಗೆ: ಮನೋವೈದ್ಯಕೀಯ ವಿಭಾಗದಲ್ಲಿ ಹಾಸಿಗೆ ಎಷ್ಟು, ಖಾಲಿ ಹುದ್ದೆ ಎಷ್ಟು, ಕಳೆದ ವರ್ಷ ಚಟದ ಚಿಕಿತ್ಸೆಗೆ ಎಷ್ಟು ಜನ ದಾಖಲಾದರು. ವಿಕಲಚೇತನರ ಇಲಾಖೆಗೆ: ಜಿಲ್ಲೆಯಲ್ಲಿ ಅನುದಾನ ಪಡೆಯುವ ಕೇಂದ್ರಗಳು ಯಾವುವು, ಎಷ್ಟು ಹಣ, ಕೊನೆಯ ತಪಾಸಣೆ ಯಾವಾಗ. ಉತ್ತರದಲ್ಲಿ ಕೇಂದ್ರಗಳ ಪಟ್ಟಿ ಬಂದರೆ ಒಂದು ಜೆರಾಕ್ಸ್ ಊರಿನ ಆಶಾ ಕಾರ್ಯಕರ್ತೆಗೆ ಕೊಡಿ, ಒಂದನ್ನು ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಿ.